ಆಷಾಢಕ್ಕೆ ಮೊದಲು ಕೊಂಡ ಲ್ಯಾಪ್‌ಟಾಪ್

ಸೋಮವಾರ ಆಷಾಢ ಹುಟ್ಟುತ್ತಿತ್ತು. ಆಷಾಢದಲ್ಲಿ ಚಿಕ್ಕತಿಮ್ಮಪ್ಪನವರ ಮನೆಗೆ ಹೊಸ ಪೊರಕೆ ಕೂಡ ಬರುವಂತಿಲ್ಲ. ಮಗ ಕಿರಣ್‌ಕುಮಾರನಿಗೆ ಹೆದ್ದಾರಿಯ ಟೋಲ್‌ಗೇಟಿನಲ್ಲಿ ಆ ವಾರ ಸಿಕ್ಕಿದ್ದು ಗುರುವಾರದ ಒಂದು ರಜೆ. ಗುರುವಾರ ಒಂದೂವರೆಗೆ ರಾಹುಕಾಲ. ಲ್ಯಾಪ್‌ಟಾಪ್ ಕೊಳ್ಳುವುದಾದರೆ ಅಷ್ಟರೊಳಗೆ ಕೊಳ್ಳಬೇಕು. ಬುಧವಾರ ಸಂಜೆ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು ಕುಳಿತಾಗಲೂ ಯಾವುದನ್ನು ಕೊಳ್ಳಬೇಕೆಂಬುದು ಇತ್ಯರ್ಥವಾಗಿರಲಿಲ್ಲ.

ಹಿರಿಯೂರಿನಲ್ಲಿ ಮೂವತ್ತು ವರ್ಷ ಗಾರೆ ಕೆಲಸ ಮಾಡಿ ಮೇಸ್ತ್ರಿ ಎನಿಸಿಕೊಂಡವರು ಚಿಕ್ಕತಿಮ್ಮಪ್ಪ. ಅರವತ್ತಕ್ಕೂ ಹೆಚ್ಚು ಮನೆಗಳನ್ನು ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯದೆ, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದು ಎಬ್ಬಿಸಿದ್ದರು. ಎರಡು ವರ್ಷಗಳಿಂದ ಊರಿನ ರೀತಿ ಬದಲಾಗಿತ್ತು. ಪಾಯ ತೋಡುವುದಕ್ಕೆ ಮೊದಲೇ ಮಾಲೀಕರಿಗೆ ಇಡೀ ಮನೆ ಮೊಬೈಲಿನಲ್ಲಿ ಕಾಣಬೇಕು; ಬಣ್ಣ ಬಳಿದು, ಗೇಟು ಹಾಕಿ, ಅಂಗಳದಲ್ಲಿ ಕಾರು ನಿಲ್ಲಿಸಿದ ಹಾಗೆ. 'ತ್ರೀಡಿ ಐತಾ ಮೇಸ್ತ್ರಿ?' ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಎಂಜಿನಿಯರ್ ಚೇತನ್‌ಕುಮಾರನ ಬಳಿಗೆ ಹೋಗುತ್ತಿದ್ದರು. ಎಂಟು ತಿಂಗಳಲ್ಲಿ ಚಿಕ್ಕತಿಮ್ಮಪ್ಪನವರಿಗೆ ಸಿಕ್ಕಿದ್ದು ಎರಡು ಕಾಂಪೌಂಡು, ಒಂದು ಶೌಚಾಲಯ.

ಸೊಸೆ ನಾಗಶ್ರೀ ಚಿತ್ರದುರ್ಗದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದವಳು. ಅಂಥ ಚಿತ್ರ ಮಾಡುವುದು ಅವಳಿಗೆ ಬರುತ್ತಿತ್ತು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರು ಮಾತ್ರ ನಾಲ್ಕು ಗೋಡೆ ಎದ್ದ ಮೇಲೆ ಬಾಗಿಲಿಗೂ ಕಾಯದೆ ನಿಂತುಬಿಡುತ್ತಿತ್ತು. ಮಾರಿಕಣಿವೆಯ ನೀರಾವರಿ ಕೆಲಸದಿಂದ ನಿವೃತ್ತರಾಗಿ ಬಂದ ಹಾಲಸ್ವಾಮಿಯವರು ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡಿದ್ದರು. "ಚಿತ್ರ ತೋರ್ಸ್ರಿ ಮೇಸ್ತ್ರಿ. ಒಪ್ಗೆ ಆದ್ರೆ ಶ್ರಾವಣದಾಗೆ ಗುದ್ದಲಿ ಪೂಜೆ," ಎಂದಿದ್ದರು. ಆ ಮಾತಿನ ಬಲದ ಮೇಲೆ ಲ್ಯಾಪ್‌ಟಾಪಿನ ಯೋಚನೆ ಹುಟ್ಟಿತ್ತು.

ಅತ್ತೆ ಏಕಾಂತಮ್ಮನವರ ಯೋಚನೆ ಬೇರೆ. ಎದುರುಮನೆಯ ವೀರಮ್ಮನ ಮಗಳು ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಆರೂಮುಕ್ಕಾಲಿಗೆ ಕಾರ್ಖಾನೆಯ ಬಸ್ಸು ಸರ್ಕಲ್ಲಿಗೆ ಬರುತ್ತಿತ್ತು. "ಹಾಲಸ್ವಾಮಿ ಮನೆ ಸಿಕ್ತೋ, ಕುಂತು ಚಿತ್ರ ಬರ್ಕಂತಿರು, ನಾನು ಮಾತಾಡಲ್ಲ. ಸಿಗ್ಲಿಲ್ವೋ, ಶ್ರಾವಣದಿಂದ ಬಸ್ ಹತ್ತು," ಎಂದು ಸೊಸೆಗೆ ಹೇಳಿಟ್ಟಿದ್ದರು. ನಾಗಶ್ರೀ ಒಪ್ಪಿದ್ದಳು. ಒಪ್ಪದೆ ಬೇರೆ ದಾರಿಯಿರಲಿಲ್ಲ.

"ಹದಿನಾರು ಅಂದ್ರೇನು, ಎಂಟು ಅಂದ್ರೇನು? ಅದನ್ನ ಹೇಳವ್ವ ಮೊದ್ಲು," ಎಂದರು ಚಿಕ್ಕತಿಮ್ಮಪ್ಪ.

"ಮೆಮೊರಿ ಮಾವ. ಒಂದೇ ಏಟಿಗೆ ಎಷ್ಟು ಕೆಲ್ಸ ಹಿಡ್ಕಂತೈತೆ ಅನ್ನೋದು. ಮನೆ ಚಿತ್ರಕ್ಕೆ ಎಂಟು ಸಾಲಲ್ಲ, ಹದಿನಾರು ಬೇಕು. ಗ್ರಾಫಿಕ್ಸ್ ಕಾರ್ಡು ಬೇರೆ ಇದ್ರೆ ಚಿತ್ರ ಬೇಗ ಆಗ್ತೈತೆ."

"ಮಿಕ್ಕಿದ್ದು?"

"ಮಿಕ್ಕಿದ್ದು ಏನೂ ಬ್ಯಾಡ."

ಈ ಮಾತು ಹೊರಬಿದ್ದದ್ದೇ ತಡ, ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬೇಕಿತ್ತೆಂಬುದು ಬಯಲಾಯಿತು.

"ಟಚ್ ಇಲ್ದಿರೋದನ್ನ ಈಗ ಯಾರು ತಗಂತಾರೆ?" ಎಂದ ಕಿರಣ. "ಮುಕ್ಕಾಲು ಪಾಲು ಕಂತು ಕಟ್ಟೋನು ನಾನು. ನಂದೂ ಒಂದು ಮಾತಿರ್ಲಿ."

"ಮಿರ್ಚಿ ಎಣ್ಣೆ ಕೈಗೆ ಟಚ್ ಬೇರೆ ಕೇಡು," ಎಂದಳು ತಂಗಿ ಮೇಘಶ್ರೀ. ಅವಳು ದ್ವಿತೀಯ ಪಿಯುಸಿ. "ನಂಗೆ ತೆಳ್ಳಗಿರ್ಬೇಕು ಅತ್ತಿಗೆ. ಕಾಲೇಜಿಗೆ ಹೊತ್ಕಂಡು ಹೋಗಾಕೆ."

"ನಿಂಗ್ಯಾವನೇ ಕೊಡ್ತಾನೆ?"

"ನೀನು ಕೊಡ್ಬ್ಯಾಡ ಬಿಡಣ್ಣ. ಅತ್ತಿಗೆ ಕೊಡ್ತಾಳೆ."

"ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳ್ರಿ ಮೊದ್ಲು," ಎಂದು ಏಕಾಂತಮ್ಮ ಸಾರಿನ ಪಾತ್ರೆ ಮುಂದೆ ತಳ್ಳಿದರು. "ಮಿಕ್ಸಿಗೇ ಐದು ವರ್ಷ ಕೊಡ್ತಾರೆ."

ಚಿಕ್ಕತಿಮ್ಮಪ್ಪ ಎಡಗೈ ಎತ್ತಿದರು.

"ನೋಡ್ರಿ, ಮುಂದೆ ಬದ್ಲಾಯ್ಸಾಕೆ ಆಗ್ದೇ ಇರೋದನ್ನ ಈಗ್ಲೇ ಗಟ್ಟಿ ಮಾಡ್ಕಬೇಕು. ಮುಂದೆ ಏರ್ಸಾಕೆ ಆಗೋದನ್ನ ಮುಂದೆ ಏರ್ಸ್ಕಬೇಕು. ಈ ಮನೆ ಹೆಂಗ್ ಕಟ್ದೆ? ಪಾಯ ಗಟ್ಟಿ ಹಾಕ್ದೆ, ಮೇಲೆ ಕಂಬಿ ಬಿಟ್ಟೆ. ನಾಳೆ ದುಡ್ಡು ಬಂದಾಗ ಮಹಡಿ ಏಳ್ತೈತೆ."

"ಹದ್ನಾಲ್ಕು ವರ್ಷ ಆತು, ಆ ಕಂಬಿಗೆ ಸೀರೆ ಒಣಗಾಕ್ತಾ ಇದೀನಿ," ಎಂದರು ಏಕಾಂತಮ್ಮ.

ಮೇಘಶ್ರೀ ನಕ್ಕಳು. ಚಿಕ್ಕತಿಮ್ಮಪ್ಪ ನಗಲಿಲ್ಲ. "ಆ ಮೆಮೊರಿ ಅನ್ನೋದನ್ನ ಆಮೇಲೆ ಹಾಕ್ಸಾಕೆ ಬರ್ತೈತಾ ಇಲ್ವಾ ನಾಗವ್ವ?"

"ಕೆಲವುಕ್ಕೆ ಬರ್ತೈತೆ ಮಾವ. ಕೆಲವುಕ್ಕೆ..."

"ಬರ್ತೈತಲ್ಲ, ಸಾಕು. ಇನ್ನೊಂದು ಮುದ್ದೆ ಹಾಕೇ."

ಅವಳ ಮಾತಿನ ಉಳಿದರ್ಧ ಮುದ್ದೆಯ ಆವಿಯಲ್ಲಿ ಉಳಿದುಹೋಯಿತು.

*

ಮರುದಿನ ಚಿತ್ರದುರ್ಗದ ಬಸ್ ನಿಲ್ದಾಣದ ಬಳಿಯ ಅಂಗಡಿಯನ್ನು ಮಾವ, ಸೊಸೆ, ಕಿರಣ ಮೂವರೂ ಹೊಕ್ಕಾಗ ಹನ್ನೆರಡು ಮೂವತ್ತೈದು. ನಾಗಶ್ರೀ ಪರ್ಸಿನಿಂದ ಚೀಟಿ ತೆಗೆದಳು. ತಾನು ಆರಿಸಿದ್ದ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನು ಮೂರು ದಿನಗಳ ಹಿಂದೆಯೇ ಅದರಲ್ಲಿ ಬರೆದಿಟ್ಟಿದ್ದಳು: ದಪ್ಪನೆಯದು, ಕಪ್ಪುಬಣ್ಣದ್ದು, ಹದಿನಾರರ ಮೆಮೊರಿ, ಬೇರೆ ಗ್ರಾಫಿಕ್ಸ್ ಕಾರ್ಡು.

"ಇದು ಸ್ಟಾಕ್ ಇಲ್ಲ ಮೇಡಂ. ಡಿಸ್‌ಪ್ಲೇ ಪೀಸ್ ಒಂದೇ ಇರೋದು. ಮಂಗಳವಾರ ಬರುತ್ತೆ," ಎಂದ ಮಾರಾಟದ ಹುಡುಗ.

ಚಿಕ್ಕತಿಮ್ಮಪ್ಪ ಪ್ರದರ್ಶನಕ್ಕೆ ಇಟ್ಟಿದ್ದ ಅದನ್ನು ಎತ್ತಿ, ಇಟ್ಟಿಗೆ ಪರೀಕ್ಷಿಸುವಂತೆ ಬೆರಳ ಗೆಣ್ಣಿನಿಂದ ಬಡಿದರು. "ಇದು ಪ್ಲಾಸ್ಟಿಕ್ಕು. ಟೊಳ್ಳು ಸದ್ದು ಬರ್ತೈತೆ."

"ಒಳಗಿರೋದು ಮುಖ್ಯ ಮಾವ."

"ಒಳಗಿರೋದನ್ನ ಕಾಯೋದು ಹೊರಗಿಂದೇ ಅಲ್ವೇನವ್ವ?"

ಹುಡುಗ ಪಕ್ಕದಿಂದ ಇನ್ನೊಂದನ್ನು ತಂದಿಟ್ಟ. ಬೆಳ್ಳಿಯ ಬಣ್ಣ. ಲೋಹದ ಮೈ. ಪರದೆಯನ್ನು ಪೂರಾ ಹಿಂದಕ್ಕೆ ಮಡಚಿ ಡೇರೆಯಂತೆ ನಿಲ್ಲಿಸಬಹುದಿತ್ತು. ಟಚ್ ಇತ್ತು. ಅಕ್ಷರದ ಗುಂಡಿಗಳ ಕೆಳಗೆ ದೀಪ ಹೊತ್ತುತ್ತಿತ್ತು. ಇನ್ನಷ್ಟು ಕೊಟ್ಟರೆ ಮೂರು ವರ್ಷದ ಗ್ಯಾರಂಟಿ. ಮೆಮೊರಿ ಎಂಟು. ಒಟ್ಟು ಎಪ್ಪತ್ತೆರಡು ಸಾವಿರ. ಅವಳ ಚೀಟಿಯಲ್ಲಿದ್ದ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಚಿಕ್ಕತಿಮ್ಮಪ್ಪ ಬಡಿದು ನೋಡಿದರು. ಸದ್ದು ಗಟ್ಟಿಯಾಗಿತ್ತು.

"ಮಂಗಳವಾರ ಬರಾಣ ಮಾವ," ಎಂದಳು ನಾಗಶ್ರೀ.

"ಮಂಗಳವಾರ ಆಷಾಢ."

"ಇವತ್ತೇ ದುಡ್ಡು ಕಟ್ಟಿ ಹೋಗಾಣ. ಸಾಮಾನು ಮಾತ್ರ ಮಂಗಳವಾರ ತರಾಣ."

"ದುಡ್ಡು ಕಟ್ಟೋದಲ್ಲವ್ವ, ಹೊಸ್ತಿಲು ದಾಟೋದು ಲೆಕ್ಕ. ದುಡಿಮೆ ಸಾಮಾನು ಆಷಾಢದಾಗೆ ಹೊಸ್ತಿಲು ದಾಟಿ, ನಾಳೆ ಹಾಲಸ್ವಾಮಿ ಒಲ್ಲೆ ಅಂದ್ರೆ, ಯಾರನ್ನ ಅಂತ ಬೈಕಳಾಣ?"

ಕಿರಣನ ಮೊಬೈಲು ಹೊಡೆದುಕೊಂಡಿತು. ಏಕಾಂತಮ್ಮನವರ ದನಿ ಅಂಗಡಿಗೆಲ್ಲ ಕೇಳಿಸಿತು. "ಇನ್ನೂ ಅಂಗಡೀಲೇ ಇದೀರಾ? ಒಂದು ಹೊಡೀತು! ಗ್ಯಾರಂಟಿ ಕೇಳಿದ್ರಾ?"

"ಮೂರು ವರ್ಷ ಕೊಡ್ತಾರಂತೆ ಅವ್ವ."

"ಮತ್ತೇನು ನೋಡ್ತೀರಿ? ಕಟ್ಟಿಸ್ಕಂಡು ಬರ್ರಿ!"

ನಾಗಶ್ರೀ ಹುಡುಗನತ್ತ ತಿರುಗಿದಳು. "ಇದಕ್ಕೆ ಮೆಮೊರಿ ಆಮೇಲೆ ಹಾಕಿಸ್ಬಹುದಾ? ಸರಿಯಾಗಿ ನೋಡಿ ಹೇಳಿ."

ಹುಡುಗ ಆಗಲೇ ಇನ್ನೊಬ್ಬ ಗಿರಾಕಿಗೆ ಪ್ರಿಂಟರು ತೋರಿಸುತ್ತಿದ್ದ. ತಿರುಗದೆಯೇ ಹೇಳಿದ. "ಹಾಕಿಸ್ಬಹುದು ಮೇಡಂ. ಸರ್ವಿಸಲ್ಲಿ ಮಾಡ್ಕೊಡ್ತಾರೆ."

"ಕೇಳಿದ್ಯಲ್ಲ?" ಎಂದರು ಚಿಕ್ಕತಿಮ್ಮಪ್ಪ.

ಅವಳಿಗೆ ನಂಬಿಕೆ ಬರಲಿಲ್ಲ. ಮೊಬೈಲು ತೆಗೆದು ಆ ಮಾದರಿಯ ಸಂಖ್ಯೆಯನ್ನು ಹುಡುಕಲು ಹಾಕಿದಳು. ಅಂಗಡಿಯೊಳಗೆ ನೆಟ್‌ವರ್ಕ್ ಮಂದವಾಗಿತ್ತು. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗುತ್ತಲೇ ಇತ್ತು. ಒಂದು ಹದಿನೈದು. ಒಂದು ಹದಿನೆಂಟು. ಬಾಗಿಲ ಬಳಿ ಹೋಗಿ ಕೈ ಎತ್ತಿ ಹಿಡಿದಳು. ಹೆಸರು ಬಂತು, ಚಿತ್ರ ಬಂತು, ವಿವರ ಇನ್ನೂ ಬರಬೇಕಿತ್ತು.

ಹಿಂದೆ ಕಾರ್ಡಿನ ಯಂತ್ರ ಕೀಚೆಂದಿತು. ಕಿರಣ ರಸೀದಿ ಹರಿದುಕೊಂಡ. ಒಂದು ಇಪ್ಪತ್ತೆರಡು.

"ನಡೀರಿ, ಟೈಮಿಗೆ ಸರಿಯಾಗಿ ಆತು," ಎಂದು ಚಿಕ್ಕತಿಮ್ಮಪ್ಪ ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡರು. ನಾಗಶ್ರೀ ಮೊಬೈಲನ್ನು ಪರ್ಸಿಗೆ ಹಾಕಿದಳು. ಪುಟ ತೆರೆದುಕೊಂಡಿತೋ ಇಲ್ಲವೋ, ಮತ್ತೆ ನೋಡಲಿಲ್ಲ.

*

ಮೊದಲ ವಾರ ಎಲ್ಲವೂ ಸುಸೂತ್ರವಾಗಿತ್ತು. ನಾಗಶ್ರೀ ಅಡುಗೆ ಮುಗಿಸಿ, ಹತ್ತರಿಂದ ಒಂದರವರೆಗೆ ಕುಳಿತು ನಕ್ಷೆ ಹಾಕಿದಳು. ಚಿಕ್ಕತಿಮ್ಮಪ್ಪ ಬೆನ್ನ ಹಿಂದೆ ಸ್ಟೂಲು ಎಳೆದುಕೊಂಡು ಕುಳಿತು, ಮೆಟ್ಟಿಲು ಎಲ್ಲಿ, ಸಂಪು ಎಲ್ಲಿ, ದೇವರ ಕೋಣೆಯ ಬಾಗಿಲು ಯಾವ ಕಡೆಗೆ ಎಂದು ಹೇಳುತ್ತಿದ್ದರು. ಪರದೆಯ ಮೇಲೆ ಗೋಡೆ ಏಳುವುದನ್ನು ಕಂಡು ಒಮ್ಮೆ, "ಒಂದು ಮೂಟೆ ಸಿಮೆಂಟ್ ಇಲ್ದೆ ಎಷ್ಟು ನೀಟಾಗಿ ಎದ್ದೈತೆ ನೋಡೇ," ಎಂದು ಹೆಂಡತಿಯನ್ನು ಕರೆದರು.

"ಅಂಬಳಿ ಆರಿ ಹೋಗ್ತೈತೆ, ಬರ್ರಿ," ಎಂದರು ಏಕಾಂತಮ್ಮ.

ಎರಡನೆಯ ವಾರ ಹಾಲಸ್ವಾಮಿಯವರು ಫೋನಿನಲ್ಲೇ ಬೇಡಿಕೆ ಬೆಳೆಸಿದರು. ಮುಂಭಾಗಕ್ಕೆ ಕಲ್ಲಿನ ಹೊದಿಕೆ. ಮಹಡಿಗೆ ಗಾಜಿನ ಕಟಕಟೆ. ಹೊಳಲ್ಕೆರೆಯಲ್ಲಿರುವ ಮಗಳ ಮನೆಯಲ್ಲಿರುವಂಥ ತೂತುಬಿಲ್ಲೆಯ ಜಾಲಿ ಗೋಡೆ. ನಾಗಶ್ರೀ ಒಂದೊಂದನ್ನೂ ಸೇರಿಸುತ್ತ ಹೋದಳು. ಗಾಜು ಸೇರಿದ ದಿನ ಲ್ಯಾಪ್‌ಟಾಪು ಬಿಸಿಯಾಗಿ, ಕೊಂಚ ಹೊತ್ತು ಗುಯ್‌ಗುಟ್ಟಿ, ಪರದೆ ಬಿಳಿಚಿಕೊಂಡು ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ನಿಂತಿತು.

"ಮೆಮೊರಿ ಸಾಲ್ತಿಲ್ಲ ಮಾವ."

"ಅಷ್ಟೇ ತಾನೆ?" ಚಿಕ್ಕತಿಮ್ಮಪ್ಪ ಹುರುಪಿನಿಂದ ಎದ್ದರು. "ಹಾಕಿಸ್ಕಂಡು ಬರಾಣ ನಡಿ. ಮೆಮೊರಿ ಹಾಕ್ಸಾಕೆ ಆಷಾಢ ಅಡ್ಡ ಬರಲ್ಲ, ಅದು ರಿಪೇರಿ ಲೆಕ್ಕ."

ಚಂದ್ರುವಿನದು ಚಿತ್ರದುರ್ಗದಲ್ಲೊಂದು ಸಣ್ಣ ರಿಪೇರಿ ಅಂಗಡಿ. ಅವನು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಹತ್ತು ತಿರುಪು ಬಿಚ್ಚಿ, ಬೆನ್ನಿನ ತಗಡು ತೆಗೆದ. ಒಳಗೆ ಟಾರ್ಚು ಹಿಡಿದ. ಆಮೇಲೆ ಟಾರ್ಚು ಆರಿಸಿದ.

"ಇದಕ್ಕೆ ಆಗಲ್ಲ ಮೇಡಂ."

"ಯಾಕೆ?" ಎಂದರು ಚಿಕ್ಕತಿಮ್ಮಪ್ಪ.

"ಜಾಗಾನೇ ಇಲ್ಲ ಯಜಮಾನ್ರೆ. ಇಲ್ನೋಡ್ರಿ, ಮೆಮೊರಿನ ಬೋರ್ಡಿಗೇ ಬೆಸುಗೆ ಹಾಕವ್ರೆ. ತೆಗ್ಯಂಗಿಲ್ಲ, ಸೇರ್ಸಂಗಿಲ್ಲ. ಗ್ರಾಫಿಕ್ಸೂ ಅಷ್ಟೇ."

ಚಿಕ್ಕತಿಮ್ಮಪ್ಪ ಬಗ್ಗಿ ನೋಡಿದರು. ಹಸಿರು ಹಲಗೆಯ ಮೇಲೆ ಕಪ್ಪು ಚೌಕಗಳು ಸಾಲಾಗಿ ಅಂಟಿಕೊಂಡಿದ್ದವು. ಎಲ್ಲಿಯೂ ಒಂದು ತುದಿ ಹೊರಗೆ ಚಾಚಿರಲಿಲ್ಲ.

"ನಾಳೆ ಜನಕ್ಕೆ ಇನ್ನೊಂದಿಷ್ಟು ಬೇಕಾಗ್ತೈತೆ ಅಂತ ಇದನ್ನ ಕಟ್ಟಿದೋರಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿದ್ದೇ ಕಟ್ಟಿರೋದು. ತೆಳ್ಳಗೆ ಆಗ್ಬೇಕಲ್ಲ! ಜಾಸ್ತಿ ಬೇಕು ಅಂದ್ರೆ ಇನ್ನೊಂದು ತಗಳ್ಳಿ ಅಂತ."

"ಕಂಬಿ ಬಿಡ್ದೇ ಮೋಲ್ಡ್ ಹಾಕವ್ರೆ," ಎಂದರು ಚಿಕ್ಕತಿಮ್ಮಪ್ಪ, ಯಾರಿಗೂ ಅಲ್ಲದಂತೆ.

ಕೊಂಡ ಅಂಗಡಿಗೂ ಹೋದರು. ಆ ಹುಡುಗ ರಜೆಯಲ್ಲಿದ್ದ. ಇನ್ನೊಬ್ಬ, ಬಳಸಿದ ಮಾಲು ವಾಪಸಿಲ್ಲವೆಂದ. ಬದಲಿಗೆ ಹೊಸದು ಬೇಕಾದರೆ ಇದಕ್ಕೆ ನಲವತ್ತೊಂದು ಸಾವಿರ ಹಿಡಿಯುತ್ತೇವೆಂದ. ಮೂರು ವರ್ಷದ ಗ್ಯಾರಂಟಿಯ ಕಾಗದವನ್ನು ಚಿಕ್ಕತಿಮ್ಮಪ್ಪ ಅವನ ಮುಂದೆ ಹಿಡಿದರು. "ಕೆಟ್ಟುಹೋದ್ರೆ ಗ್ಯಾರಂಟಿ ಸರ್. ಇದು ಕೆಟ್ಟಿಲ್ವಲ್ಲ," ಎಂದ ಅವನು, ತುಂಬಾ ಮರ್ಯಾದೆಯಿಂದ.

ಹಿರಿಯೂರಿನಲ್ಲಿ ಇಳಿದಾಗ ಚಿಕ್ಕತಿಮ್ಮಪ್ಪ ಒಂದು ಎಳನೀರು ಕೊಡಿಸಿದರು. ತಾವು ಕುಡಿಯಲಿಲ್ಲ.

ಮನೆಯಲ್ಲಿ ಜಗಳ ಕಾದಿತ್ತು.

"ನೀನು ಅಂಗಡೀಲೇ ಗಟ್ಟಿಯಾಗಿ ಹೇಳ್ಬೇಕಿತ್ತು," ಎಂದ ಕಿರಣ.

"ಹೇಳ್ದೆ."

"ಹೇಳ್ದೆ. ಗಟ್ಟಿಯಾಗಿ ಹೇಳ್ಲಿಲ್ಲ."

"ಗಟ್ಟಿಯಾಗಿ ಹೇಳಿದ್ರೆ ಕೇಳ್ತಿದ್ರಾ? ಟಚ್ ಬೇಕು ಅಂದೋರು ಯಾರು?"

"ಟಚ್‌ನಿಂದ ಏನಾತೀಗ? ಟಚ್ ಚೆನ್ನಾಗೇ ಕೆಲ್ಸ ಮಾಡ್ತೈತೆ!"

"ಹೂಂ, ಎಲ್ಲಾ ಚೆನ್ನಾಗೇ ಐತೆ," ಎಂದಳು ಮೇಘಶ್ರೀ. "ಲೈಟ್ ಉರೀತೈತೆ, ಹಿಂದಕ್ಕೆ ಮಡಚ್ತೈತೆ. ಮನೆ ಚಿತ್ರ ಒಂದು ಬರಲ್ಲ, ಅಷ್ಟೇ."

"ನೀನು ಮುಚ್ಚೇ ಬಾಯಿ. ತೆಳ್ಳಗಿರ್ಲಿ ಅಂದೋಳು ನೀನು," ಎಂದು ಏಕಾಂತಮ್ಮ ಗದರಿದರು. ಅನಂತರ ಗಂಡನ ಕಡೆ ತಿರುಗಿದರು. "ಇಷ್ಟು ದುಡ್ಡಿನಾಗೆ ಎರಡು ಹೊಲಿಗೆ ಮಿಷಿನ್ ಬರ್ತಿದ್ವು."

ಚಿಕ್ಕತಿಮ್ಮಪ್ಪ ತಾರಸಿಯ ಮೆಟ್ಟಿಲು ಹತ್ತಿದರು. ಆ ದಿನ ಅವರ ತಟ್ಟೆ ಹಾಗೆಯೇ ಮುಚ್ಚಿತ್ತು.

*

ನಾಗಶ್ರೀ ಸೋಲೊಪ್ಪಲಿಲ್ಲ. ಇಡೀ ಮನೆ ಒಟ್ಟಿಗೆ ಹಿಡಿಸದಿದ್ದರೆ ತುಂಡು ತುಂಡಾಗಿ ಹಿಡಿಸಬೇಕು. ಚಿತ್ರವನ್ನು ಹನ್ನೆರಡು ಚೌಕ ಮಾಡಿದಳು. ಒಂದೊಂದು ಚೌಕಕ್ಕೂ ನಾಲ್ಕು ನಾಲ್ಕೂವರೆ ಗಂಟೆ ಬೇಕಾಯಿತು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು.

ಆ ಐದು ದಿನ ಮನೆ ಲ್ಯಾಪ್‌ಟಾಪಿನ ಸುತ್ತ ಬೆರಳ ತುದಿಯಲ್ಲಿ ನಡೆಯಿತು. ಮೇಘಶ್ರೀ ಅದರ ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಳಿಯಾಡುವಂತೆ ಮಾಡಿದಳು. ನಡುಮನೆಯ ಟೇಬಲ್ ಫ್ಯಾನು ಅದರತ್ತ ತಿರುಗಿತು.

"ಮನುಷ್ಯರಿಗೆ ಗಾಳಿ ಇಲ್ಲ, ಇದಕ್ಕೆ ಗಾಳಿ," ಎಂದು ಏಕಾಂತಮ್ಮ ಸೆರಗಿನಿಂದ ಬೀಸಿಕೊಂಡರು. ಆದರೆ ಮಿಕ್ಸಿ ಹಾಕಿದರೆ ವೋಲ್ಟೇಜು ಬಿದ್ದೀತೆಂದು ಚಟ್ನಿಯನ್ನು ಒರಳಿನಲ್ಲಿ ರುಬ್ಬಿದರು. ಯಾರೂ ಹೇಳಿರಲಿಲ್ಲ. ಕರೆಂಟು ಹೋದಾಗಲೆಲ್ಲ ಬ್ಯಾಟರಿ ಒಂದು ಗಂಟೆ ತಡೆಯಿತು; "ನೋಡಿದ್ರಾ, ಅದು ಒಳ್ಳೇದೇ," ಎಂದ ಕಿರಣ. ಚಿಕ್ಕತಿಮ್ಮಪ್ಪ ಗಂಟೆಗೊಮ್ಮೆ ಬಂದು ಬಗ್ಗಿ ನೋಡುತ್ತಿದ್ದರು.

"ಎಲ್ಲಿಗೆ ಬಂತವ್ವ?"

"ಎಡಗಡೆ ಕಿಟಕಿ ಮಾವ."

"ಬಾಗ್ಲು?"

"ನಾಳೆ ಮಧ್ಯಾಹ್ನಕ್ಕೆ."

ಐದನೆಯ ದಿನ ಹನ್ನೆರಡು ಚೌಕಗಳೂ ಕೂಡಿದವು. ಒಂದು ಮೂಲೆಯಲ್ಲಿ ಆಕಾಶದ ಬಣ್ಣ ಒಂದಿಷ್ಟು ಬೇರೆಯಾಗಿತ್ತು, ಅದನ್ನೂ ಸರಿಪಡಿಸಿದಳು. ಕೆಳಗೆ ಬಲಗಡೆ ಸಣ್ಣ ಅಕ್ಷರಗಳಲ್ಲಿ 'ನಾಗಶ್ರೀ, ಹಿರಿಯೂರು' ಎಂದು ಬರೆದು, ಮೊಬೈಲ್ ಸಂಖ್ಯೆ ಹಾಕಿದಳು. ಏಕಾಂತಮ್ಮ ಕೈ ಒರೆಸಿಕೊಂಡು ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಹೊಸ್ತಿಲಿಗೆ ರಂಗೋಲಿ ಹಾಕಿಲ್ವಲ್ಲೇ," ಎಂದರು ಕಡೆಗೆ. ನಾಗಶ್ರೀ ರಂಗೋಲಿಯನ್ನೂ ಹಾಕಿದಳು.

ಭಾನುವಾರ ಹಾಲಸ್ವಾಮಿಯವರು ಬಂದರು.

"ಬರ್ರಿ ಸಾರ್, ಕುಂತ್ಕಳ್ರಿ," ಎಂದು ಚಿಕ್ಕತಿಮ್ಮಪ್ಪ ಕುರ್ಚಿಯ ಮೇಲಿನ ಧೂಳನ್ನು ಟವಲಿನಿಂದ ಹೊಡೆದರು. ಮಂಡಕ್ಕಿ ಬಂತು, ಮಿರ್ಚಿ ಬಂತು. ನಾಗಶ್ರೀ ಲ್ಯಾಪ್‌ಟಾಪು ತೆರೆದಳು.

ಹಾಲಸ್ವಾಮಿಯವರ ಕೈಯಲ್ಲಿದ್ದ ಮಿರ್ಚಿ ಅಲ್ಲಿಯೇ ನಿಂತಿತು. "ಏನವ್ವ ಇದು! ನಮ್ಮನೇನಾ?"

"ನಿಮ್ದೇ ಸಾರ್."

"ಕಾರು ಯಾರ್ದು?"

"ಸುಮ್ನೆ ನಿಲ್ಸಿರೋದು ಸಾರ್, ಚೆಂದ ಕಾಣ್ಲಿ ಅಂತ."

"ಕಾರೂ ಸೇರ್ಸೇ ಕೊಡ್ತೀರೇನೋ ಅಂದ್ಕಂಡೆ!"

ಎಲ್ಲರೂ ನಕ್ಕರು. ಹಾಲಸ್ವಾಮಿಯವರು ಪರದೆಯನ್ನು ಬೆರಳಿನಿಂದ ಮುಟ್ಟಿದರು. ಬಾಗಿಲು ದೊಡ್ಡದಾಗಿ ಹತ್ತಿರ ಬಂತು. ಅವರ ಮುಖ ಅರಳಿತು. ಕಿರಣ ಹೆಂಡತಿಯತ್ತ ನೋಡಿದ: ಟಚ್ಚು ಎಂದು ತುಟಿಯಲ್ಲೇ ಹೇಳಿದ.

"ಇದನ್ನ ನನ್ ಫೋನಿಗೆ ಕಳ್ಸವ್ವ. ಮಗಳು, ಅಳಿಯ ನೋಡ್ಲಿ," ಎಂದರು ಹಾಲಸ್ವಾಮಿ. ಆಮೇಲೆ ಕನ್ನಡಕ ಮೇಲೇರಿಸಿ ಮೂಲೆಗೆ ಬಗ್ಗಿದರು. "ಇಲ್ಲೇನಿದು, ನಿನ್ ಹೆಸ್ರು?"

"ಹೂಂ ಸಾರ್."

"ಮನೆ ನಂದು, ಹೆಸ್ರು ನಿಂದು! ಬೀಗ್ರು ನೋಡ್ತಾರೆ ಕಣವ್ವ. ಅದನ್ನ ತೆಗ್ದು ಕಳ್ಸು."

"ಸಾರ್, ಕೆಲ್ಸ ಶುರುವಾದ್ಮೇಲೆ ತೆಗ್ದು ಕೊಡ್ತೀನಿ..."

"ನಾಗವ್ವ," ಎಂದರು ಚಿಕ್ಕತಿಮ್ಮಪ್ಪ.

ಅಷ್ಟೇ. ಮನೆಗೆ ಬಂದವರ ಮುಂದೆ ಅವರು ಅದಕ್ಕಿಂತ ಹೆಚ್ಚು ಹೇಳುವವರಲ್ಲ. ನಾಗಶ್ರೀ ಹೆಸರನ್ನು ಅಳಿಸಿದಳು. ಚಿತ್ರ ಹಾಲಸ್ವಾಮಿಯವರ ಮೊಬೈಲಿಗೆ ಹೋಗಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

"ಶ್ರಾವಣದ ಮೊದಲ್ನೇ ಸೋಮವಾರ ಚೆನ್ನಾಗೈತೆ. ಹೇಳಿ ಕಳಿಸ್ತೀನಿ ಮೇಸ್ತ್ರಿ," ಎಂದು ಹಾಲಸ್ವಾಮಿ ಎದ್ದರು.

*

ಶ್ರಾವಣ ಹುಟ್ಟಿತು. ಗುರುವಾರ ಚಿಕ್ಕತಿಮ್ಮಪ್ಪ ಫೋನು ಮಾಡಿದರು, ಹಾಲಸ್ವಾಮಿ ಬಸ್ಸಿನಲ್ಲಿದ್ದರು. ಶನಿವಾರ ಮಾಡಿದರು, ಯಾರೂ ಎತ್ತಲಿಲ್ಲ. ಭಾನುವಾರ ಗುದ್ದಲಿ, ಸನಿಕೆ, ನೂಲುಂಡೆಗಳನ್ನು ತೊಳೆದು ಜಗಲಿಯ ಮೇಲೆ ಒಣಗಿಸಿದರು. ಇಬ್ಬರು ಕೆಲಸದಾಳುಗಳಿಗೆ, ಬೇರೆ ಕಡೆ ಒಪ್ಪಿಕೊಳ್ಳಬೇಡಿರೆಂದು ಹೇಳಿಬಂದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಘಶ್ರೀ ಅಡುಗೆಮನೆಗೆ ಬಂದಳು. ಕೈಯಲ್ಲಿ ಅಪ್ಪನ ಮೊಬೈಲಿತ್ತು.

"ಅತ್ತಿಗೆ, ಇಲ್ನೋಡು."

ಹಾಲಸ್ವಾಮಿಯವರ ವಾಟ್ಸಾಪ್ ಸ್ಟೇಟಸ್. ನಿವೇಶನ, ಅರಿಶಿನ ಕುಂಕುಮ, ತೆಂಗಿನಕಾಯಿ, ಗುದ್ದಲಿ. ಹಿಂದೆ ಎರಡು ಬೊಂಬುಗಳ ನಡುವೆ ದೊಡ್ಡ ಫ್ಲೆಕ್ಸು. ಫ್ಲೆಕ್ಸಿನ ತುಂಬ ನಾಗಶ್ರೀ ಮಾಡಿದ ಮನೆ. ಗಾಜಿನ ಕಟಕಟೆ, ತೂತುಬಿಲ್ಲೆಯ ಗೋಡೆ, ಹೊಸ್ತಿಲಿನ ರಂಗೋಲಿ ಸಹಿತ. ಕೆಳಗೆ ಬಲಗಡೆ ಮೂಲೆಯಲ್ಲಿ, ಚೇತನ್‌ಕುಮಾರ್, ಎಂಜಿನಿಯರ್ ಮತ್ತು ಕಂಟ್ರಾಕ್ಟರ್ ಎಂದಿತ್ತು.

ಚಿಕ್ಕತಿಮ್ಮಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಟರು. ಕಿರಣ ಜೊತೆಗೆ ಬರುತ್ತೇನೆಂದರೆ ಬೇಡವೆಂದರು.

ಹಾಲಸ್ವಾಮಿಯವರು ಅವರನ್ನು ಕಂಡು, ಪೂಜೆಯ ಗುಂಪಿನಿಂದ ಆಚೆಗೆ ಕರೆದೊಯ್ದರು. "ಬೇಜಾರ್ ಮಾಡ್ಕಬ್ಯಾಡ್ರಿ ಮೇಸ್ತ್ರಿ. ನಮ್ ಅಳಿಯಂಗೆ ಚೇತನ್ ಸ್ನೇಹಿತ. ಸಾಮಾನೆಲ್ಲ ಅವನ್ದೇ, ರೇಟೂ ಕಡ್ಮೆ ಹೇಳ್ದ. ನಂದು ರಿಟೈರ್ಮೆಂಟ್ ದುಡ್ಡು, ನಂಗೂ ಯೋಚ್ನೆ ಇರ್ತೈತಲ್ಲ."

"ಚಿತ್ರ ನಮ್ದಲ್ವಾ ಸಾರ್?"

"ಚಿತ್ರ ಅವ್ನೂ ಮಾಡ್ಕೊಡ್ತಿದ್ದ. ಇದು ಮನೆಯೋರಿಗೆಲ್ಲ ಒಪ್ಗೆ ಆಗೋಗೈತೆ. ಮನೆ ತೋರ್ಸಿದ್ದಕ್ಕೆ ದುಡ್ಡು ಬೇಕು ಅಂತ ನೀವು ಮೊದ್ಲೇ ಹೇಳಿದ್ರೆ ಕೊಡ್ತಿದ್ದೆ. ಹೇಳ್ಲಿಲ್ಲ ನೀವು."

ಹೇಳಿರಲಿಲ್ಲ, ನಿಜ. ಮೂವತ್ತು ವರ್ಷಗಳಲ್ಲಿ ಚಿಕ್ಕತಿಮ್ಮಪ್ಪ ಕಟ್ಟಿದ್ದಕ್ಕೆ ಕೂಲಿ ತೆಗೆದುಕೊಂಡಿದ್ದರೇ ಹೊರತು, ತೋರಿಸಿದ್ದಕ್ಕಲ್ಲ.

"ಪ್ರಸಾದ ತಗಂಡು ಹೋಗ್ರಿ," ಎಂದರು ಹಾಲಸ್ವಾಮಿ. ನಿಜವಾದ ವಿಶ್ವಾಸದಿಂದಲೇ ಹೇಳಿದರು. ಪ್ರಸಾದವನ್ನು ಒಲ್ಲೆನೆನ್ನಲು ಬಾರದು. ಚಿಕ್ಕತಿಮ್ಮಪ್ಪ ಎರಡೂ ಕೈ ಚಾಚಿದರು.

ಕಾಗದದ ಪೊಟ್ಟಣದಲ್ಲಿ ಕೋಸಂಬರಿ ಮನೆಗೆ ಬಂತು. ದೇವರ ಗೂಡಿನ ಮುಂದೆ ಇಟ್ಟರು. ಸಂಜೆಯ ತನಕ ಯಾರೂ ಅದನ್ನು ಬಿಚ್ಚಲಿಲ್ಲ.

ಅತ್ತೆಯ ಬೈಗುಳಕ್ಕೆ ನಾಗಶ್ರೀ ಸಿದ್ಧಳಾಗಿದ್ದಳು. ದೀಪ ಹಚ್ಚಿದ ಮೇಲೆ ಏಕಾಂತಮ್ಮ, ಸೊಪ್ಪು ಸೋಸುತ್ತಿದ್ದ ಸೊಸೆಯ ಪಕ್ಕ ಬಂದು ಕುಳಿತು, ತಾವೂ ಒಂದು ಹಿಡಿ ಸೊಪ್ಪು ಎಳೆದುಕೊಂಡರು.

"ವೀರಮ್ಮನ ಮಗಳಿಗೆ ಹೇಳ್ಲಾ?"

"ಹೇಳ್ರಿ ಅತ್ತೆ."

"ತಿಂಗ್ಳು ಎರಡು ತಿಂಗ್ಳು ಹೋಗಿರು. ಆಮೇಲೆ ನೋಡಾಣ."

ಆಮೇಲೆ ನೋಡುವುದು ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಸೊಪ್ಪು ಸೋಸಿದರು.

*

ನಾಗಶ್ರೀ ಆರೂಮುಕ್ಕಾಲಿನ ಬಸ್ಸು ಹತ್ತಿದಳು. ಅಂಗಿಯ ಕಾಲರಿಗೆ ಹೊಲಿಗೆ ಹಾಕುವ ಸಾಲಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಗಂಟೆಗೆ ಇಷ್ಟು ಕಾಲರೆಂದು ಗೋಡೆಯ ಹಲಗೆಯ ಮೇಲೆ ಬರೆದಿರುತ್ತಿತ್ತು. ಲ್ಯಾಪ್‌ಟಾಪು ಮನೆಯಲ್ಲಿ ಸುಖವಾಗಿತ್ತು. ಹಗಲು ಮೇಘಶ್ರೀ ಅದರಲ್ಲಿ ಪಾಠ ನೋಡಿದಳು. ರಜೆಯ ದಿನ ಕಿರಣ ಅದನ್ನು ಡೇರೆಯಂತೆ ಮಡಚಿ ನಿಲ್ಲಿಸಿ ಕ್ರಿಕೆಟ್ ನೋಡಿದ. ಅದು ಒಮ್ಮೆಯೂ ಬಿಸಿಯಾಗಲಿಲ್ಲ, ನಿಲ್ಲಲಿಲ್ಲ. ಅದರ ಕಂತಿಗೆ ಈಗ ನಾಗಶ್ರೀಯ ಸಂಬಳದ ಪಾಲೂ ಸೇರುತ್ತಿತ್ತು.

ಚಿಕ್ಕತಿಮ್ಮಪ್ಪ ಮೂರು ವಾರ ಜಗಲಿಯ ಮೇಲೆ ಕುಳಿತರು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಹೊರಟರು. ಎಲ್ಲಿಗೆಂದು ಏಕಾಂತಮ್ಮ ಕೇಳಿದಾಗ, "ಕೆಲ್ಸಕ್ಕೆ," ಎಂದರು. ದಿನಗೂಲಿಯೋ ಎಂದು ಕೇಳಿದ್ದಕ್ಕೆ ತಲೆಯಾಡಿಸಿದರು. ಯಾರ ಕೆಳಗೆ ಎಂದು ಕೇಳುವಷ್ಟರಲ್ಲಿ ಬೀದಿಗಿಳಿದಿದ್ದರು.

ಗೌರಿಗಣೇಶ ಮುಗಿದು ವಾರ ಕಳೆದಿತ್ತು. ಸಂಜೆ ಏಳಕ್ಕೆ ನಾಗಶ್ರೀ ಕಾರ್ಖಾನೆಯಿಂದ ಬಂದು, ಊದಿಕೊಂಡ ಪಾದಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಚಿಕ್ಕತಿಮ್ಮಪ್ಪ ಬಂದು, ನಲ್ಲಿ ಬಿಟ್ಟು, ಮೊಣಕಾಲಿನವರೆಗೆ ಮೆತ್ತಿಕೊಂಡಿದ್ದ ಸಿಮೆಂಟನ್ನು ತೆಂಗಿನ ನಾರಿನಿಂದ ಉಜ್ಜತೊಡಗಿದರು. ಏಕಾಂತಮ್ಮ ಒಳಗೆ ಮುದ್ದೆ ತೊಳಸುತ್ತಿದ್ದರು.

"ನಾಗವ್ವ," ಎಂದರು ಚಿಕ್ಕತಿಮ್ಮಪ್ಪ, ಕಾಲು ಉಜ್ಜುವುದನ್ನು ನಿಲ್ಲಿಸದೆ. "ಆ ಮುಂದ್ಗಡೆ ಕಿಟಕಿ ಮೇಲಿನ ಸಜ್ಜಾ. ಅದನ್ನ ಎಷ್ಟು ಮುಂದಕ್ಕೆ ಬಿಟ್ಟಿದ್ದೆ? ಒಂದೂವರೆ ಅಡಿನೋ, ಎರಡಡಿನೋ? ಅವ್ರ ಫೋನಿನಾಗೆ ಗೊತ್ತಾಗ್ತಾ ಇಲ್ಲ."

ಒಳಗೆ ಮುದ್ದೆಕೋಲಿನ ಸದ್ದು ನಿಂತಿತು.

ನಾಗಶ್ರೀ ಮಾವನ ಮುಖ ನೋಡಲಿಲ್ಲ. ಬಕೆಟ್ಟಿನ ನೀರನ್ನೇ ನೋಡಿದಳು.

"ಒಂದೂಮುಕ್ಕಾಲು ಮಾವ."

"ಮೂಲೇಲಿ?"

"ಮೂಲೇಲಿ ಎರಡು. ಮಳೆನೀರು ಗೋಡೆಗೆ ಬೀಳ್ದಂಗೆ."

"ಅದೇ ಅಂದ್ಕಂಡೆ," ಎಂದರು ಚಿಕ್ಕತಿಮ್ಮಪ್ಪ. "ಆ ಹುಡುಗ ಚೇತನ ಎಲ್ಲಾ ಕಡೆಗೂ ಒಂದೂವರೆ ಸಾಕು ಅಂತಾನೆ. ಮನೆ ಕೆಡ್ತೈತೆ."

ನಲ್ಲಿ ನಿಲ್ಲಿಸಿ, ಟವಲಿನಿಂದ ಕಾಲು ಒರೆಸಿಕೊಂಡು ಒಳಗೆ ಹೋದರು. ಮರೆತುಹೋಗದಿರಲೆಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದು ಹಿತ್ತಲಿಗೂ ಕೇಳಿಸಿತು: ಒಂದೂಮುಕ್ಕಾಲು, ಮೂಲೇಲಿ ಎರಡು.